ಸುಮ್ನೆ ನಿಂತು ಮಾತಾಡುವುದಲ್ಲ: ಸ್ಟ್ಯಾಂಡ್-ಅಪ್ ಕಾಮಿಡಿ ಹೇಗೆ ತಯಾರಾಗುತ್ತೆ, ಅದರ ಮಿತಿ ಯಾರ ಕೈಲಿದೆ

2025ರ ಮಾರ್ಚ್ 23ರಂದು ಕಾಮಿಡಿಯನ್ ಕುನಾಲ್ ಕಾಮ್ರಾ ಯೂಟ್ಯೂಬ್‌ಗೆ ಒಂದು ವಿಡಿಯೊ ಹಾಕಿದರು. ಹಳೇ ಹಿಂದಿ ಸಿನಿಮಾ ಹಾಡಿನ ಧಾಟಿಯಲ್ಲಿ ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಏಕನಾಥ ಶಿಂದೆ ಅವರನ್ನು ಹೆಸರು ಹೇಳದೆ ಗೇಲಿ ಮಾಡುವ ತುಣುಕು ಅದರಲ್ಲಿತ್ತು. ಅದೇ ರಾತ್ರಿ ಶಿಂದೆ ಬಣದ ಶಿವಸೇನೆ ಕಾರ್ಯಕರ್ತರು ಆ ಶೋ ನಡೆದಿದ್ದ ಮುಂಬೈನ ಖಾರ್‌ನ ಹ್ಯಾಬಿಟ್ಯಾಟ್ ಸ್ಟುಡಿಯೊಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದರು. ಮಾರನೇ ದಿನ ಪಾಲಿಕೆಯವರು ಸುತ್ತಿಗೆ ಹಿಡಿದು ಬಂದು ಅಕ್ರಮ ಕಟ್ಟಡ ಅಂತ ಒಂದಷ್ಟು ಭಾಗ ಕೆಡವಿದರು. ಅದಕ್ಕೂ ಒಂದು ತಿಂಗಳ ಹಿಂದೆ ದೇಶವಿಡೀ ಸದ್ದು ಮಾಡಿ ಸುಪ್ರೀಂ ಕೋರ್ಟ್‌ವರೆಗೆ ಹೋದ 'ಇಂಡಿಯಾಸ್ ಗಾಟ್ ಲೇಟೆಂಟ್' ಅನ್ನುವ ಯೂಟ್ಯೂಬ್ ಹಾಸ್ಯ ಕಾರ್ಯಕ್ರಮದ ಚಿತ್ರೀಕರಣ ನಡೆದದ್ದೂ ಇದೇ ಜಾಗದಲ್ಲಿ.

ಬೆಂಗಳೂರಿಗೂ ಇದು ಹೊಸದಲ್ಲ. 2021ರ ನವೆಂಬರ್ 28ಕ್ಕೆ ನಿಗದಿಯಾಗಿದ್ದ ಕಾಮಿಡಿಯನ್ ಮುನಾವರ್ ಫಾರೂಕಿ ಶೋ, ಕಾನೂನು-ಸುವ್ಯವಸ್ಥೆ ಹದಗೆಡಬಹುದು ಅಂತ ಪೊಲೀಸರು ಪತ್ರ ಬರೆದ ಮೇಲೆ ರದ್ದಾಯಿತು. ಮರುವರ್ಷ ಅದೇ ನವೆಂಬರ್‌ನಲ್ಲಿ ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ ವೀರ್ ದಾಸ್ ಶೋ ಕೂಡ ಒಂದು ಸಂಘಟನೆ ದೂರು ಕೊಟ್ಟ ಮೇಲೆ ನಿಂತುಹೋಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಮಾತು ಗ್ಯಾರಂಟಿ. 'ಅದೇನ್ ಕಲೆ ಬಿಡಿ, ಸುಮ್ನೆ ನಿಂತ್ಕೊಂಡು ಮಾತಾಡೋದು ತಾನೇ' ಅನ್ನುವುದು ಒಂದು. 'ಏನೇ ಆದ್ರೂ ಎಲ್ಲದಕ್ಕೂ ಒಂದು ಮಿತಿ ಇರ್ಬೇಕು' ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗಬೇಕಾದರೆ ಒಂದು ಜೋಕು ಹೇಗೆ ತಯಾರಾಗುತ್ತೆ ಅಂತ ನೋಡಬೇಕು. ಎರಡನೆಯದರಲ್ಲಿ ಒಂದು ತೊಡಕಿದೆ: ಮಿತಿ ಅಂದಾಗ ನಾವು ಬೇರೆ ಬೇರೆ ನಾಲ್ಕೈದು ವಿಷಯಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿರುತ್ತೇವೆ.

ಸ್ಟ್ಯಾಂಡ್-ಅಪ್ ಅಂದರೆ ಯಾವುದು

ಒಬ್ಬರೇ ಒಬ್ಬರು, ಕೈಯಲ್ಲಿ ಮೈಕು, ಎದುರಿಗೆ ಜನ. ವೇಷ ಇಲ್ಲ, ಪಾತ್ರ ಇಲ್ಲ, ಹಿಂದೆ ಪರದೆ ಇಲ್ಲ. ಮಾತಾಡುವವರು ತಾವಾಗಿಯೇ, ತಮ್ಮ ಹೆಸರಿನಲ್ಲೇ, ತಾವು ಬರೆದದ್ದನ್ನೇ ಜನರ ಮುಖ ನೋಡಿ ಹೇಳುತ್ತಾರೆ. ನಾಟಕದಲ್ಲಿ ಪಾತ್ರ ಏನೋ ಅಂದರೆ 'ಅದು ಪಾತ್ರದ ಮಾತು' ಅಂತ ಜಾರಿಕೊಳ್ಳಬಹುದು. ಇಲ್ಲಿ ಆ ಸೌಕರ್ಯ ಕಡಿಮೆ. ಹಾಗಂತ ವೇದಿಕೆ ಮೇಲೆ ಹೇಳಿದ್ದೆಲ್ಲ ಅವರ ಜೀವನದಲ್ಲಿ ನಡೆದದ್ದೇ ಅಂತಲೂ ತಿಳಿಯಬೇಡಿ. 'ನಮ್ಮಪ್ಪ ಹೀಗಂದ್ರು' ಅಂತ ಶುರುವಾಗುವ ಕಥೆಯಲ್ಲಿ ಅಪ್ಪ ಅರ್ಧ ನಿಜ, ಅರ್ಧ ಬರವಣಿಗೆ. ಕೇಳುವವರಿಗೂ ಅದು ಗೊತ್ತಿರುತ್ತೆ. ಆ ಒಳ ಒಪ್ಪಂದದ ಮೇಲೇ ಇಡೀ ಆಟ ನಡೆಯುವುದು.

ನಮಗೆ ಇದರ ಹತ್ತಿರದ ನೆಂಟರು ಬೇಕಾದಷ್ಟಿದ್ದಾರೆ. ಹಾಸ್ಯ ಸಂಜೆ, ನಗೆಹಬ್ಬ ಅಂತ ಊರೂರಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ಸುಧಾ ಬರಗೂರು, ರಿಚರ್ಡ್ ಲೂಯಿಸ್ ಇವರೆಲ್ಲ ಮೈಕ್ ಹಿಡಿದು ಗಂಟೆಗಟ್ಟಲೆ ನಗಿಸುತ್ತಾ ಬಂದಿದ್ದಾರೆ, ಅಮೆರಿಕದ ಕನ್ನಡ ಸಂಘಗಳವರೆಗೂ ಹೋಗಿ ಬಂದಿದ್ದಾರೆ. ಯಕ್ಷಗಾನದ ಹಾಸ್ಯಗಾರ ಕಥೆಯ ನಡುವೆ ಊರಿನ ರಸ್ತೆ ಗುಂಡಿಯ ಬಗ್ಗೆ ಒಂದು ಮಾತು ಹಾಕಿ ಹೋಗುತ್ತಾನೆ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ' ನಾಟಕದ ಮಧ್ಯೆ ಆವತ್ತಿನ ರಾಜಕಾರಣಿಗಳನ್ನು ಸ್ಥಳದಲ್ಲೇ ಹಿಡಿದು ಜಾಡಿಸುತ್ತಿದ್ದರು. ಅದಕ್ಕೆ ಅಂತಲೇ ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡಲು ಹೋಗುವವರಿದ್ದರು.

ವ್ಯತ್ಯಾಸ ಎಲ್ಲಿ ಅಂದರೆ, ಹಾಸ್ಯ ಭಾಷಣದಲ್ಲಿ ಎಲ್ಲರಿಗೂ ಸೇರಿದ ಜೋಕುಗಳ ಒಂದು ಕಣಜ ಇದೆ. ಬೀಚಿಯವರ ತಿಂಮನನ್ನು ಯಾರು ಬೇಕಾದರೂ ಕರೆತರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಗೆ ಬದುಕಿಗೆ ಬೇಕಾದ ನಾಲ್ಕು ಒಳ್ಳೆ ಮಾತು ಬಂದೇ ಬರುತ್ತೆ. ಸ್ಟ್ಯಾಂಡ್-ಅಪ್‌ನಲ್ಲಿ ಇನ್ನೊಬ್ಬರ ಜೋಕು ಹೇಳುವುದು ಕಳ್ಳತನ. ಕೋರ್ಟಿಗೆ ಹೋಗುವುದು ಕಷ್ಟ, ಯಾಕಂದರೆ ಕೃತಿಸ್ವಾಮ್ಯ ಸಿಗುವುದು ಹೇಳಿದ ರೀತಿಗೆ, ಹೊಳಹಿಗೆ ಅಲ್ಲ. ಆದರೆ ಕದ್ದರು ಅಂತ ಗೊತ್ತಾದವರನ್ನು ಉಳಿದ ಕಾಮಿಡಿಯನ್‌ಗಳು ಪಕ್ಕಕ್ಕೆ ಕೂರಿಸುತ್ತಾರೆ, ಅದು ಕೋರ್ಟಿಗಿಂತ ಬೇಗ ಆಗುತ್ತೆ.

ಭಾರತದಲ್ಲಿ ಇದು ಈಗಿನ ರೂಪದಲ್ಲಿ ಬೆಳೆದದ್ದು ಇತ್ತೀಚೆಗೆ. 2010ರಲ್ಲಿ ಲಂಡನ್ನಿನ ಕಾಮಿಡಿ ಸ್ಟೋರ್ ಮುಂಬೈನಲ್ಲಿ ಶಾಖೆ ತೆರೆಯಿತು. 2017ರಲ್ಲಿ ಅಮೆಜಾನ್ ಪ್ರೈಮ್ 14 ಭಾರತೀಯ ಕಾಮಿಡಿಯನ್‌ಗಳ ಪೂರ್ತಿ ಶೋಗಳನ್ನು ಒಟ್ಟಿಗೆ ಘೋಷಿಸಿತು. ಬೆಂಗಳೂರಿನಲ್ಲಿ ಮೊದಮೊದಲು ಇಂಗ್ಲಿಷೇ ಜಾಸ್ತಿ, ಆಮೇಲೆ ಹಿಂದಿ, ಈಗ ಲೋಲ್‌ಬಾಗ್‌ನಂಥ ತಂಡಗಳು ಪೂರ್ತಿ ಕನ್ನಡದಲ್ಲೇ ಶೋ ಮಾಡುತ್ತವೆ.

ಒಂದು ಜೋಕನ್ನು ಬಿಚ್ಚಿ ನೋಡೋಣ

ಜೋಕಿನಲ್ಲಿ ಎರಡು ಭಾಗ. ಮೊದಲನೆಯದು ಸೆಟಪ್: ಕೇಳುವವರ ತಲೆಯಲ್ಲಿ ಒಂದು ನಿರೀಕ್ಷೆ ಕೂರಿಸುವ ಮಾತು. ಎರಡನೆಯದು ಪಂಚ್: ಆ ನಿರೀಕ್ಷೆಯನ್ನು ಅಡ್ಡ ತಿರುಗಿಸುವ ಮಾತು. ಹೇಳಿದರೆ ಇಷ್ಟೇ, ಮಾಡಲು ಹೊರಟಾಗ ಗೊತ್ತಾಗುತ್ತೆ. ಈ ಲೇಖನಕ್ಕೆ ಅಂತಲೇ ಒಂದು ಸಾದಾ ಜೋಕು ಬರೆದಿದ್ದೇನೆ, ನಗು ಬರದಿದ್ದರೂ ಪರವಾಗಿಲ್ಲ, ಕೆಲಸಕ್ಕೆ ಸಾಕು. ಮೊದಲ ಕರಡು ಹೀಗಿದೆ ಅಂದುಕೊಳ್ಳಿ:

'ನಮ್ಮ ಮಾವ ಇದಾರಲ್ಲ, ಅವರು ಪದೇ ಪದೇ ನಮ್ಮನೆಗೆ ಬರ್ತಾನೇ ಇರ್ತಾರೆ, ಎಷ್ಟು ಅಂದ್ರೆ ಕಾವೇರಿ ನೀರಿಗಿಂತ ಜಾಸ್ತಿ, ಯಾಕಂದ್ರೆ ನಮ್ಮ ಏರಿಯಾದಲ್ಲಿ ನೀರು ವಾರಕ್ಕೆ ಎರಡೇ ದಿನ ಬರೋದು.'

ವಿಷಯ ಎಲ್ಲ ಇದೆ. ನಗು ಇಲ್ಲ. ಮಾವ ಮೊದಲೇ ಬಂದು ಕೂತುಬಿಟ್ಟರು, ಅಚ್ಚರಿ ಹೋಯಿತು. ಕೊನೆಯಲ್ಲಿ ವಿವರಣೆ ಬೇರೆ ಉಳಿದಿದೆ, ಜನ ನಗಬೇಕಾದ ಹೊತ್ತಿನಲ್ಲಿ ಇವರು ಇನ್ನೂ ಮಾತಾಡುತ್ತಿದ್ದಾರೆ. ಈಗ ತಿರುಗಿಸಿ:

'ನಮ್ಮ ಏರಿಯಾದಲ್ಲಿ ಕಾವೇರಿ ನೀರು ವಾರಕ್ಕೆ ಎರಡು ದಿನ ಬರುತ್ತೆ. ಅದಕ್ಕಿಂತ ಜಾಸ್ತಿ ಬರ್ತಾರೆ, ನಮ್ಮ ಮಾವ.'

ಮೊದಲ ವಾಕ್ಯ ನಲ್ಲಿಯ ಗೋಳಿನ ಕಡೆ ಕರೆದುಕೊಂಡು ಹೋಯಿತು. ಎರಡನೆಯದು ತಿರುಗಿಸಿತು. ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಒಂದು ಸಂಗತಿ ಇದೆ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತೆ. 'ನಮ್ಮ ಮಾವ ಅದಕ್ಕಿಂತ ಜಾಸ್ತಿ ಬರ್ತಾರೆ' ಅಂದರೆ ಅಚ್ಚರಿಯ ಪದ ಮುಂದೆ ಬಂದು, 'ಬರ್ತಾರೆ' ಅನ್ನುವ ಸಪ್ಪೆ ಬಾಲ ಹಿಂದೆ ಉಳಿಯುತ್ತೆ, ಜನರ ನಗು ಅದರ ಮೇಲೆ ಬಿದ್ದು ಮಾತು ಕೇಳಿಸುವುದೇ ಇಲ್ಲ. ಅದಕ್ಕೇ ಕಟ್ಟೆ ಮೇಲೆ ಹರಟುವವರ ಹಾಗೆ ಕರ್ತೃವನ್ನು ಕೊನೆಗೆ ತಳ್ಳುವುದು. ಜತೆಗೆ ಒಂದು ಲಾಭ: 'ಬರ್ತಾರೆ' ಅಂದ ತಕ್ಷಣ ಇದು ನೀರಿನ ಮಾತಲ್ಲ, ಯಾರೋ ಮನುಷ್ಯರು ಅಂತ ಕೇಳುವವರಿಗೆ ಹೊಳೆದು, 'ಯಾರು?' ಅಂತ ಅರೆಕ್ಷಣ ಕಾಯುತ್ತಾರೆ. ಆ ಅರೆಕ್ಷಣವನ್ನು ಎಷ್ಟು ಎಳೆಯಬೇಕು ಅನ್ನುವುದಕ್ಕೇ ಟೈಮಿಂಗ್ ಅನ್ನುವುದು.

ಪಂಚ್ ಆದ ಮೇಲೆ ಹೊಸ ಸೆಟಪ್ ಇಲ್ಲದೆ ಅದೇ ಬೆಂಕಿಯಲ್ಲಿ ಮತ್ತೊಂದು ನಗು ತೆಗೆಯುವುದಕ್ಕೆ ಟ್ಯಾಗ್ ಅಂತಾರೆ. 'ಎರಡೂ ಬೆಳಗಿನ ಜಾವ ನಾಲ್ಕಕ್ಕೇ ಬರೋದು.' ಇನ್ನೊಂದು: 'ನೀರು ಬಂದ್ರೆ ಪಾತ್ರೆ ತುಂಬುತ್ತೆ. ಮಾವ ಬಂದ್ರೆ ಖಾಲಿ ಆಗುತ್ತೆ.' ಇಲ್ಲಿಗೆ ಮಾವನನ್ನು ಬಿಟ್ಟು ಬೇರೆ ವಿಷಯಕ್ಕೆ ಹೋಗಿಬಿಡುತ್ತಾರೆ. ಇಪ್ಪತ್ತು ನಿಮಿಷ ಕಳೆದು ಸಾಲದ ಕಥೆ ನಡೆಯುತ್ತಿರುತ್ತೆ: 'ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ಬಡಿದ ಸದ್ದು. ನೋಡಿದ್ರೆ ಲೋನ್ ರಿಕವರಿಯವನು ನಿಂತಿದಾನೆ. ಈ ಕಡೆ ನಾನು ಬಿಂದಿಗೆ ಹಿಡ್ಕೊಂಡು ನಿಂತಿದೀನಿ.' ಇದು ಕಾಲ್‌ಬ್ಯಾಕ್. ಜನ ಜೋಕಿಗೆ ಎಷ್ಟು ನಗುತ್ತಾರೋ ತಮಗೆ ನೆನಪಾಯಿತು ಅನ್ನುವ ಖುಷಿಗೂ ಅಷ್ಟೇ ನಗುತ್ತಾರೆ. ಯೂಟ್ಯೂಬ್ ತುಣುಕುಗಳಲ್ಲಿ ಕಾಲ್‌ಬ್ಯಾಕ್ ಕೆಲಸ ಮಾಡುವುದಿಲ್ಲ, ಹಿಂದಿನ ಇಪ್ಪತ್ತು ನಿಮಿಷ ಅಲ್ಲಿ ಇರುವುದಿಲ್ಲವಲ್ಲ.

ಬರೆಯುವುದು ಮನೆಯಲ್ಲಿ, ತಿದ್ದುವುದು ಜನರ ಮುಂದೆ

ಹಾಡುಗಾರರು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಬಹುದು. ಕಾಮಿಡಿಯನ್‌ಗೆ ಆ ಭಾಗ್ಯ ಇಲ್ಲ, ಜೋಕು ನಡೆಯುತ್ತೋ ಇಲ್ಲವೋ ಅಂತ ಗೊತ್ತಾಗುವುದು ಅಪರಿಚಿತರ ಮುಂದೆ ಹೇಳಿದಾಗಲೇ. ಅದಕ್ಕಾಗಿ ಇರುವುದು ಓಪನ್ ಮೈಕ್. ಕೋರಮಂಗಲ, ಇಂದಿರಾನಗರದ ಕಡೆಯ ಕೆಫೆಗಳ ಮಹಡಿಯಲ್ಲೋ ನೆಲಮಾಳಿಗೆಯಲ್ಲೋ ವಾರದ ದಿನ ಸಂಜೆ ನಡೆಯುತ್ತೆ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ದುಡ್ಡು ಬರುವುದಿಲ್ಲ. ಎದುರಿಗೆ ಕೂತವರಲ್ಲಿ ಅರ್ಧ ಜನ ತಮ್ಮ ಸರದಿಗೆ ಕಾಯುತ್ತಿರುವ ಇತರ ಕಾಮಿಡಿಯನ್‌ಗಳು, ಅವರು ನಗುವುದು ಕಡಿಮೆ, ಮನಸ್ಸಿನಲ್ಲೇ ತಮ್ಮದನ್ನು ಬಾಯಿಪಾಠ ಮಾಡುತ್ತಿರುತ್ತಾರೆ. ಓಪನ್ ಮೈಕ್‌ನಲ್ಲಿ ಕೇಳಿದ್ದು ಕಾವಲಿಗೆ ಹೊಯ್ದ ಮೊದಲ ದೋಸೆ ಇದ್ದಹಾಗೆ. ಅದನ್ನು ನೋಡಿ ಹೋಟೆಲ್ ಹೇಗಿದೆ ಅಂತ ಹೇಳಬಾರದು.

ಸಮಯ ಮುಗಿಯುತ್ತಾ ಬಂದಾಗ ಹಿಂದುಗಡೆಯಿಂದ ಯಾರೋ ಮೊಬೈಲ್ ಟಾರ್ಚ್ ಹಾಕಿ ತೋರಿಸುತ್ತಾರೆ. ಅದಕ್ಕೆ ಲೈಟ್ ಕೊಡುವುದು ಅಂತಾರೆ. ಲೈಟ್ ಬಂದ ಮೇಲೂ ಮಾತಾಡುತ್ತಾ ನಿಂತವರಿಗೆ ಮುಂದಿನ ಸಲ ಅವಕಾಶ ಸಿಗುವುದು ಕಷ್ಟ. ಯಾರೂ ನಗದೇ ಹೋದರೆ ಬಾಂಬ್ ಆಯಿತು ಅಂತಾರೆ. ಎಲ್ಲರಿಗೂ ಆಗುತ್ತೆ, ಹೆಸರು ಮಾಡಿದವರಿಗೂ. ಹೆಚ್ಚಿನವರು ತಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮನೆಗೆ ಹೋಗುವಾಗ ಬಸ್ಸಿನಲ್ಲೋ ಮೆಟ್ರೊದಲ್ಲೋ ಕೇಳುತ್ತಾ ಎಲ್ಲಿ ನಗು ಬಂತು, ಎಲ್ಲಿ ಕೆಮ್ಮು ಬಂತು ಅಂತ ಗುರುತು ಹಾಕಿಕೊಳ್ಳುತ್ತಾರೆ. ಒಂದು ಪದ ತೆಗೆದು ಮರುದಿನ ಮತ್ತೆ ಹೇಳುತ್ತಾರೆ. ಹೀಗೆ ಗಟ್ಟಿಯಾದ ಐದು ನಿಮಿಷ ಹತ್ತಾಗಿ, ಹತ್ತು ಇಪ್ಪತ್ತಾಗಿ, ಒಂದು ಗಂಟೆಯ ಶೋ ಆಗಲು ವರ್ಷಗಟ್ಟಲೆ ಹಿಡಿಯುತ್ತೆ. ಟಿಕೆಟ್ ಮಾರುವಾಗ 'ಟ್ರಯಲ್ ಶೋ' ಅಂತ ಹಾಕಿದ್ದರೆ ಇನ್ನೂ ಈ ತಿದ್ದುವ ಕೆಲಸ ನಡೆದಿದೆ ಅಂತ ಅರ್ಥ.

ಇಷ್ಟೆಲ್ಲ ಮಾಡಿದ ಮೇಲೆ ವೇದಿಕೆಯಲ್ಲಿ ಅದು ಆಗತಾನೇ ನೆನಪಾದ ಹಾಗೆ ಕೇಳಿಸಬೇಕು. 'ಏನೋ ಹೇಳಕ್ಕೆ ಹೋದೆ... ಹಾಂ' ಅಂತ ತಡವರಿಸಿದರಲ್ಲ, ಆ ತಡವರಿಕೆಯೂ ಬರೆದದ್ದೇ ಇರಬಹುದು. ಮನೆಯ ಗ್ರೂಪಿನಲ್ಲಿ ಸುಮ್ನೆ ಮಾತಾಡೋದು ಅಂತ ಅನ್ನಿಸಿದರೆ ಅದು ಅವರ ಕೆಲಸ ಚೆನ್ನಾಗಿ ಆಗಿದೆ ಅನ್ನುವುದರ ಗುರುತು.

ಪೂರ್ತಿ ಬರೆಯದ ಭಾಗವೂ ಒಂದಿದೆ. ಮುಂದಿನ ಸಾಲಿನವರನ್ನು 'ನೀವು ಏನ್ ಕೆಲಸ ಮಾಡ್ತೀರಾ ಸಾರ್' ಅಂತ ಮಾತಿಗೆಳೆದು, ಅವರು ಕೊಟ್ಟ ಉತ್ತರದಲ್ಲೇ ನಗು ತೆಗೆಯುವುದಕ್ಕೆ ಕ್ರೌಡ್ ವರ್ಕ್ ಅನ್ನುತ್ತಾರೆ. ರೀಲ್ಸ್‌ನಲ್ಲಿ ಈಗ ಇದೇ ಜಾಸ್ತಿ ಕಾಣುವುದಕ್ಕೆ ಒಂದು ವ್ಯವಹಾರದ ಕಾರಣ ಇದೆ. ವರ್ಷ ಕೂತು ಬರೆದ ಜೋಕನ್ನು ರೀಲಿಗೆ ಹಾಕಿದರೆ ಎಲ್ಲರೂ ನೋಡಿಬಿಡುತ್ತಾರೆ, ಮುಂದಿನ ಊರಿನ ಶೋನಲ್ಲಿ ಅದಕ್ಕೆ ಬೆಲೆ ಇಲ್ಲ. ಜನರ ಜತೆ ಆಡಿದ ಮಾತು ಒಂದು ರಾತ್ರಿಯದು, ಹಂಚಿದರೆ ನಷ್ಟ ಇಲ್ಲ.

ನಗುವಿಗೆ ಪಕ್ಕದ ಕುರ್ಚಿ ಬೇಕು

ಮನುಷ್ಯರ ನಗುವಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್, ಒಬ್ಬರೇ ಇದ್ದಾಗಿನದಕ್ಕಿಂತ ಜನರ ಜತೆ ಇದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಅಂತ ಕಂಡುಕೊಂಡರು. ಕಾಮಿಡಿ ಕ್ಲಬ್ಬುಗಳ ಸೂರು ತಗ್ಗಾಗಿ, ಕುರ್ಚಿಗಳು ಒತ್ತೊತ್ತಾಗಿ, ಜನ ಕೂತ ಕಡೆ ಕತ್ತಲೆ ಇರುವುದು ಇದಕ್ಕೇ. ಅಕ್ಕಪಕ್ಕದವರ ನಗು ಮೈಗೆ ತಾಗಬೇಕು, ಆದರೆ 'ಇದಕ್ಕೆ ನೀನು ನಕ್ಕೆಯಾ' ಅಂತ ಯಾರೂ ಮುಖ ನೋಡಬಾರದು. ಮದುವೆ ಛತ್ರದ ದೊಡ್ಡ ಹಾಲಿನಲ್ಲಿ, ಊಟದ ಸದ್ದಿನ ನಡುವೆ, ಅದೇ ಜೋಕು ನೆಲಕಚ್ಚುತ್ತೆ.

ನಗು ಯಾಕೆ ಬರುತ್ತೆ ಅನ್ನುವುದಕ್ಕೆ ಹಲವು ಸಿದ್ಧಾಂತಗಳಿವೆ. ನಮ್ಮ ವಿಷಯಕ್ಕೆ ಹತ್ತಿರವಾದದ್ದು 2010ರಲ್ಲಿ ಅಮೆರಿಕದ ಸಂಶೋಧಕರಾದ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ ಮುಂದಿಟ್ಟದ್ದು. ಅವರ ಪ್ರಕಾರ ಎರಡು ಒಟ್ಟಿಗೆ ಆಗಬೇಕು: ಏನೋ ಒಂದು ಕಟ್ಟುಪಾಡು ಮುರಿದ ಹಾಗಾಗಬೇಕು, ಅದೇ ಹೊತ್ತಿಗೆ 'ಪರವಾಗಿಲ್ಲ, ಅಪಾಯ ಏನಿಲ್ಲ' ಅಂತಲೂ ಅನ್ನಿಸಬೇಕು. ಏನೂ ಮುರಿಯದಿದ್ದರೆ ಸಪ್ಪೆ. ಮುರಿದದ್ದು ನಿಜವಾಗಿ ತಾಗಿದರೆ ನೋವು, ಸಿಟ್ಟು. ಈ ಎರಡರ ನಡುವಿನ ಜಾಗ ಕಿರಿದು, ಮತ್ತು ಅದು ಪ್ರತಿಯೊಬ್ಬರಿಗೂ ಬೇರೆ ಕಡೆ ಇರುತ್ತೆ.

ನಮ್ಮ ಮಾವನ ಜೋಕನ್ನೇ ತಗೊಳ್ಳಿ. ಬೆಂಗಳೂರಲ್ಲಿ ನಡೆಯುತ್ತೆ. ಹುಬ್ಬಳ್ಳಿಯಲ್ಲಿ ಬರುವುದು ಮಲಪ್ರಭಾ ನೀರು, ಅದಕ್ಕೂ ದಿನಗಟ್ಟಲೆ ಕಾದು ರೂಢಿಯಾದವರಿಗೆ ವಾರಕ್ಕೆ ಎರಡು ದಿನ ಅಂದರೆ ಅದು ಗೋಳಲ್ಲ, ಹೊಟ್ಟೆಕಿಚ್ಚು. ಇನ್ನು ಕಾವೇರಿ ತೀರ್ಪು ಬಂದು ಹೆದ್ದಾರಿ ಬಂದ್ ಆಗಿರುವ ದಿನ ಮಂಡ್ಯದಲ್ಲಿ ಹೇಳಿ ನೋಡಿ, ಮಾವನ ಹೆಸರು ಬರುವ ಮೊದಲೇ ಸಭೆ ಎದ್ದಿರುತ್ತೆ. ಮಾತು ಒಂದೂ ಬದಲಾಗಿಲ್ಲ.

ಯಾರು ಹೇಳಿದರು, ಯಾರ ಮೇಲೆ

ಕಾಮಿಡಿಯನ್‌ಗಳ ನಡುವೆ ಬಳಕೆಯಲ್ಲಿರುವ ಒಂದು ಅಳತೆ, ಏಟು ಮೇಲಕ್ಕೋ ಕೆಳಕ್ಕೋ ಅನ್ನುವುದು. ಮಂತ್ರಿ, ಕಂಪನಿ ಮಾಲೀಕ, ಸಿನಿಮಾ ಸ್ಟಾರ್, ಅಥವಾ ಸ್ವತಃ ತಾವೇ ಗುರಿಯಾದರೆ ಏಟು ಮೇಲಕ್ಕೆ ಅಥವಾ ತನಗೇ. ಬಡವರು, ಅಂಗವಿಕಲರು, ತುಳಿತಕ್ಕೊಳಗಾದ ಜಾತಿಯವರು ಗುರಿಯಾದರೆ ಏಟು ಕೆಳಕ್ಕೆ. ಇದು ನಿಯಮ ಅಲ್ಲ, ಒಳಗಿನವರೇ ಇದರ ಬಗ್ಗೆ ಜಗಳ ಆಡುತ್ತಾರೆ. ಯಾಕಂದರೆ ಮೇಲು-ಕೆಳಗು ಯಾವಾಗಲೂ ಸಲೀಸಾಗಿ ಕಾಣುವುದಿಲ್ಲ, ಬೈದವರೇ ಬಲಹೀನರಾಗಿರಬಹುದು.

ಆದರೂ ಒಂದಷ್ಟು ಸಂಗತಿ ಇದರಿಂದ ಸ್ಪಷ್ಟವಾಗುತ್ತೆ. ಹುಬ್ಬಳ್ಳಿ ಹುಡುಗನೊಬ್ಬ ಬೆಂಗಳೂರಿನ ವೇದಿಕೆಯಲ್ಲಿ 'ಏನ್ಲೇ ಮಗನ' ಅಂತ ತನ್ನೂರಿನ ಧಾಟಿಯಲ್ಲಿ ಕಥೆ ಹೇಳಿದಾಗ ನಗು ಹುಟ್ಟುವುದು ಕಥೆಯಿಂದ. ಬೆಂಗಳೂರಿನವರೊಬ್ಬರು ಅದೇ ಧಾಟಿಯನ್ನು ಅಣಕಿಸಿದಾಗ ನಗು ಹುಟ್ಟುವುದು 'ಅವರು ಹೀಗೆ ಮಾತಾಡ್ತಾರೆ' ಅನ್ನುವುದರಿಂದ. ಮಂಡ್ಯ, ಮಂಗಳೂರು, ಉತ್ತರ ಕರ್ನಾಟಕದ ಕನ್ನಡವನ್ನು ನಗೆಗಂತಲೇ ಇಟ್ಟುಕೊಂಡ ನಮ್ಮ ಸಿನಿಮಾ ಕಾಮಿಡಿ ಟ್ರ್ಯಾಕುಗಳು ಎಷ್ಟಿವೆ, ನೆನಪು ಮಾಡಿಕೊಳ್ಳಿ. ಉಗ್ಗುವವರನ್ನು, ಕಪ್ಪಗಿರುವವರನ್ನು, ದಪ್ಪಗಿರುವವರನ್ನು ಇಟ್ಟುಕೊಂಡದ್ದಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಸ್ಟ್ಯಾಂಡ್-ಅಪ್ ಬಂದು ಸಂಸ್ಕೃತಿ ಕೆಡಿಸಿತು ಅನ್ನುವವರಿಗೆ ಇದನ್ನು ಸುಮ್ನೆ ನೆನಪಿಸುತ್ತೇನೆ ಅಷ್ಟೇ.

ಈ ಮಟ್ಟದ ಮಿತಿಗೆ ಪೊಲೀಸರು ಬೇಕಿಲ್ಲ. ಜನ ನಗದಿದ್ದರೆ ಆ ಜೋಕು ಸಾಯುತ್ತೆ. ಮತ್ತೆ ಮತ್ತೆ ಹಾಗಾದರೆ ಟಿಕೆಟ್ ಹೋಗುವುದಿಲ್ಲ.

ಕಾನೂನಿನ ಗೆರೆ ಎಲ್ಲಿದೆ

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತೆ. 19(2) ಅದಕ್ಕೆ ನಿರ್ಬಂಧ ಹಾಕಲು ಯಾವ ಕಾರಣ ಸಾಕು ಅಂತ ಪಟ್ಟಿ ಮಾಡುತ್ತೆ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಹೀಗೆ. 'ಬೇಜಾರಾಯಿತು' ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. 'ಕಾಮಿಡಿ' ಅನ್ನುವ ವಿನಾಯಿತಿಯೂ ಎಲ್ಲೂ ಇಲ್ಲ. ಜೋಕಿಗೂ ಭಾಷಣಕ್ಕೂ ಕಾನೂನು ಒಂದೇ.

ಕಾಮಿಡಿಯನ್‌ಗಳ ಮೇಲೆ ಸಾಮಾನ್ಯವಾಗಿ ಬೀಳುವ ಸೆಕ್ಷನ್‌ಗಳು ಕೆಲವೇ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದದ್ದರಿಂದ ನಂಬರುಗಳು ಬದಲಾಗಿವೆ. ಧಾರ್ಮಿಕ ಭಾವನೆಗೆ ಧಕ್ಕೆ ಅನ್ನುವ ಹಳೆಯ 295ಎ ಈಗ 299. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು 196. ಸಾರ್ವಜನಿಕರನ್ನು ಕೆರಳಿಸುವ ಹೇಳಿಕೆಗಳು 353. ಮಾನಹಾನಿ 356. ಇಂಟರ್‌ನೆಟ್‌ನಲ್ಲಿ ಅಶ್ಲೀಲ ಅನ್ನಿಸಿದರೆ ಐಟಿ ಕಾಯ್ದೆಯ 67. ಪರಿಶಿಷ್ಟ ಜಾತಿ-ಪಂಗಡದವರನ್ನು ಅಥವಾ ಅಂಗವಿಕಲರನ್ನು ಜನರೆದುರು ಬೇಕಂತಲೇ ಅವಮಾನಿಸಿದರೆ ಅದಕ್ಕೆ ಬೇರೆ ಕಾಯ್ದೆಗಳಿವೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಉದ್ದೇಶ ಮುಖ್ಯ. ಧರ್ಮಕ್ಕೆ ಸಂಬಂಧಿಸಿದ ಸೆಕ್ಷನ್ ಅನ್ವಯವಾಗಬೇಕಾದರೆ ಅವಮಾನ ಬೇಕಂತಲೇ, ಕೆಟ್ಟ ಉದ್ದೇಶದಿಂದ ಮಾಡಿರಬೇಕು ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಗಲಾಟೆ ಆಗಬಹುದು ಅನ್ನುವ ಭಯಕ್ಕೆ ಕಲೆಯನ್ನು ತಡೆಯುವ ಹಾಗಿಲ್ಲ, ಗಲಾಟೆ ಮಾಡುವವರನ್ನು ತಡೆಯುವುದು ಸರ್ಕಾರದ ಕೆಲಸ ಅಂತ 1989ರಲ್ಲಿ ಒಂದು ತಮಿಳು ಸಿನಿಮಾದ ಪ್ರಕರಣದಲ್ಲಿ ಹೇಳಿತು. 2025ರ ಮಾರ್ಚ್ 28ರಂದು, ಅಂದರೆ ಹ್ಯಾಬಿಟ್ಯಾಟ್ ಮೇಲೆ ದಾಳಿಯಾದ ವಾರದಲ್ಲೇ, ಒಂದು ಕವಿತೆಗಾಗಿ ಗುಜರಾತಿನಲ್ಲಿ ಸಂಸದ ಇಮ್ರಾನ್ ಪ್ರತಾಪ್‌ಗಢಿ ಮೇಲೆ ಹಾಕಿದ್ದ ಎಫ್‌ಐಆರ್ ರದ್ದು ಮಾಡುತ್ತಾ ಅದೇ ಕೋರ್ಟ್, ಕಾವ್ಯ, ನಾಟಕ, ವಿಡಂಬನೆ ಜತೆ ಸ್ಟ್ಯಾಂಡ್-ಅಪ್ ಕಾಮಿಡಿಯ ಹೆಸರನ್ನೂ ಎತ್ತಿ ಇವು ಬದುಕಿಗೆ ಅರ್ಥ ತುಂಬುತ್ತವೆ ಅಂದಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಅಳತೆಯಲ್ಲಿ ನೋಡಬೇಕು, ಸುಲಭಕ್ಕೆ ಕದಲುವವರ ಅಳತೆಯಲ್ಲಲ್ಲ ಅಂತಲೂ, ಮೂರರಿಂದ ಏಳು ವರ್ಷದ ಒಳಗಿನ ಶಿಕ್ಷೆಯ ಇಂಥ ಪ್ರಕರಣಗಳಲ್ಲಿ ಪೊಲೀಸರು ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡುವುದು ಒಳ್ಳೆಯದು ಅಂತಲೂ ಹೇಳಿತು.

ಹಾಗಂತ ಕೋರ್ಟ್ ಯಾವಾಗಲೂ ಕಾಮಿಡಿಯನ್‌ಗಳ ಪರ ಅಂದುಕೊಳ್ಳಬೇಡಿ. ಅದೇ ವರ್ಷ ಆಗಸ್ಟ್ 25ರಂದು, ಅಂಗವಿಕಲರ ಬಗ್ಗೆ ಮಾಡಿದ ಜೋಕುಗಳಿಗಾಗಿ, 'ಲೇಟೆಂಟ್' ಕಾರ್ಯಕ್ರಮ ನಡೆಸುತ್ತಿದ್ದ ಸಮಯ್ ರೈನಾ ಸೇರಿ ಐದು ಮಂದಿ ತಮ್ಮ ಚಾನೆಲ್‌ಗಳಲ್ಲಿ ಕ್ಷಮೆ ಕೇಳಬೇಕು ಅಂತ ಸುಪ್ರೀಂ ಕೋರ್ಟ್ ಸೂಚಿಸಿತು. ದೂರು ತಂದದ್ದು ಬೆನ್ನುಹುರಿಯ ಸ್ನಾಯು ಕ್ಷಯ ಕಾಯಿಲೆಯ ಮಕ್ಕಳಿಗಾಗಿ ಕೆಲಸ ಮಾಡುವ ಕ್ಯೂರ್ ಎಸ್‌ಎಂಎ ಸಂಸ್ಥೆ. ಹಣಕ್ಕಾಗಿ ಆಡುವ ಮಾತನ್ನು ಬೇರೆಯಾಗಿ ನೋಡಬೇಕು ಅನ್ನುವ ಅಭಿಪ್ರಾಯವೂ ಆಗ ಬಂತು.

ಮುಂಚಿತವಾಗಿ ಸೆನ್ಸಾರ್ ಇದೆಯಾ ಅಂತ ಬಹಳ ಜನ ಕೇಳುತ್ತಾರೆ. ಸಿನಿಮಾದ ಸೆನ್ಸಾರ್ ಮಂಡಳಿಗೂ ಸ್ಟ್ಯಾಂಡ್-ಅಪ್‌ಗೂ ಸಂಬಂಧ ಇಲ್ಲ. ಒಟಿಟಿಯಲ್ಲಿ ಬಂದರೆ 2021ರ ಐಟಿ ನಿಯಮಗಳ ಪ್ರಕಾರ ವಯಸ್ಸಿನ ಗುರುತು ಹಾಕಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು. ಅಷ್ಟು.

ಗೆರೆ ತಲುಪುವ ಮೊದಲೇ ನಿಲ್ಲುವುದು

ಇಷ್ಟು ಓದಿದ ಮೇಲೆ, ಕಾನೂನು ಇಷ್ಟು ಸಡಿಲ ಇದ್ದರೆ ಶೋಗಳು ಯಾಕೆ ರದ್ದಾಗುತ್ತವೆ ಅಂತ ಅನ್ನಿಸಬಹುದು. ಯಾಕಂದರೆ ಹೆಚ್ಚಿನ ಸಲ ವಿಷಯ ನ್ಯಾಯಾಧೀಶರ ಮುಂದೆ ಬರುವುದೇ ಇಲ್ಲ. ಬಂದರೂ ತಡವಾಗಿ. ಮುನಾವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರಿನ ಒಂದು ಕೆಫೆಯಲ್ಲಿ ಬಂಧಿಸಿದರು. ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟದ್ದು ಫೆಬ್ರವರಿ 5ಕ್ಕೆ. ಒಂದು ತಿಂಗಳಿಗೂ ಜಾಸ್ತಿ ಜೈಲು, ಅಪರಾಧ ಸಾಬೀತಾಗುವ ಮಾತು ಆಮೇಲಿನದು.

ಇದನ್ನು ಜಾಗದ ಮಾಲೀಕರ ಕಡೆಯಿಂದ ಯೋಚಿಸಿ. ನೂರು ಕುರ್ಚಿಯ ಹಾಲ್, ಬಾಡಿಗೆ, ಸಂಬಳ, ಪಾಲಿಕೆ ಲೈಸೆನ್ಸು. ಠಾಣೆಯಿಂದ ಒಂದು ಫೋನು ಬಂದು 'ಬಂದೋಬಸ್ತ್ ಕೊಡೋದು ಕಷ್ಟ, ನೀವೇ ನೋಡ್ಕೊಳ್ಳಿ' ಅಂದರೆ ಅವರು 1989ರ ತೀರ್ಪು ತೆಗೆದು ಓದುತ್ತಾ ಕೂರುತ್ತಾರಾ? ಟಿಕೆಟ್ ದುಡ್ಡು ವಾಪಸ್ ಮಾಡಿ ಬಾಗಿಲು ಹಾಕುತ್ತಾರೆ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ, ಹಾಗಾಗಿ ಪ್ರಶ್ನಿಸಲು ಕೈಯಲ್ಲಿ ಕಾಗದವೂ ಇರುವುದಿಲ್ಲ. ನನ್ನ ಪ್ರಕಾರ ನಮ್ಮಲ್ಲಿ ಕಾಮಿಡಿಯ ನಿಜವಾದ ಮಿತಿ ಹಾಕುತ್ತಿರುವುದು ಈ ಫೋನು, ಸೆಕ್ಷನ್‌ಗಳಲ್ಲ.

ದುಡ್ಡಿನ ಕಡೆಯಿಂದಲೂ ಒಂದು ಬೇಲಿ ಇದೆ. ಹೆಚ್ಚಿನ ಕಾಮಿಡಿಯನ್‌ಗಳ ಬಾಡಿಗೆ ಕಟ್ಟುವುದು ಕಂಪನಿಗಳ ಒಳಗೆ ನಡೆಯುವ ಶೋಗಳು. ಅಲ್ಲಿ ಕರೆಯುವಾಗಲೇ ಎಚ್‌ಆರ್‌ನಿಂದ ಒಂದು ಪ್ರೀತಿಯ ಇಮೇಲ್ ಬರುತ್ತೆ: ರಾಜಕೀಯ ಬೇಡ, ಧರ್ಮ ಬೇಡ, ಬೈಗುಳ ಬೇಡ, ಮ್ಯಾನೇಜರ್ ಬಗ್ಗೆ ಬೇಡ, ಸಂಬಳದ ಬಗ್ಗೆ ಅಂತೂ ಬೇಡವೇ ಬೇಡ. ಉಳಿಯುವುದು ಟ್ರಾಫಿಕ್ಕು, ಹೆಂಡತಿ, ಮಾವ.

ಇನ್ನು ಮೊಬೈಲ್. ಕಾಮ್ರಾ ಶೋ ಆ ಹಾಲಿನಲ್ಲಿ ನಡೆದಾಗ ಕೂತವರು ನಕ್ಕು ಮನೆಗೆ ಹೋಗಿದ್ದರು. ಒಡೆದಾಟ ಆದದ್ದು ವಿಡಿಯೊ ಹೊರಬಂದ ದಿನ. ಟಿಕೆಟ್ ತೆಗೆದು, ಈ ಮನುಷ್ಯ ಹೇಗೆ ಮಾತಾಡುತ್ತಾನೆ ಅಂತ ಗೊತ್ತಿದ್ದು ಬಂದವರಿಗಾಗಿ ಬರೆದ ಮಾತು, ಮೂವತ್ತು ಸೆಕೆಂಡಿಗೆ ಕತ್ತರಿಸಿಕೊಂಡು ಬೆಳಗಿನ ಕಾಫಿ ಹೊತ್ತಿಗೆ ಯಾರದೋ ಫೋನಿಗೆ ಬಂದು ಬೀಳುತ್ತೆ. ಮುಂಚಿನ ಸೆಟಪ್ ಇಲ್ಲ, ಪಕ್ಕದ ಕುರ್ಚಿಯ ನಗು ಇಲ್ಲ. 'ಅಪಾಯ ಏನಿಲ್ಲ' ಅನ್ನಿಸುವಂತೆ ಮಾಡುತ್ತಿದ್ದದ್ದೆಲ್ಲ ಹೋಗಿ, ಮುರಿದದ್ದು ಮಾತ್ರ ಉಳಿದಿರುತ್ತೆ. ಇದರರ್ಥ ಕ್ಲಿಪ್ ನೋಡಿ ಸಿಟ್ಟಾದವರೆಲ್ಲ ತಪ್ಪು ಅಂತಲ್ಲ. ಪೂರ್ತಿ ನೋಡಿದರೂ ಕೆಟ್ಟದಾಗಿಯೇ ಇರುವ ಜೋಕುಗಳು ಇದ್ದೇ ಇವೆ. ಕ್ಲಿಪ್ ಅಪ್‌ಲೋಡ್ ಮಾಡುವುದು ಎಷ್ಟೋ ಸಲ ಕಾಮಿಡಿಯನ್‌ಗಳೇ, ಜನ ನೋಡಲಿ ಅಂತಲೇ.

ಹೊರಗಡೆ ಹೇಗಿದೆ

ಅಮೆರಿಕದಲ್ಲಿ ಈಗ ಜೋಕಿಗೆ ಜೈಲು ಅನ್ನುವುದು ಊಹಿಸಲೂ ಕಷ್ಟ, ಆದರೆ 1964ರಲ್ಲಿ ಕಾಮಿಡಿಯನ್ ಲೆನಿ ಬ್ರೂಸ್‌ಗೆ ನ್ಯೂಯಾರ್ಕಿನಲ್ಲಿ ಅಶ್ಲೀಲತೆಗಾಗಿ ಶಿಕ್ಷೆಯಾಗಿತ್ತು. ಆತ 1966ರಲ್ಲಿ ತೀರಿಕೊಂಡ. ರಾಜ್ಯದ ಗವರ್ನರ್ ಕ್ಷಮಾದಾನ ಕೊಟ್ಟದ್ದು 2003ರಲ್ಲಿ. ಚೀನಾದಲ್ಲಿ 2023ರ ಮೇ ತಿಂಗಳಲ್ಲಿ ಒಬ್ಬ ಕಾಮಿಡಿಯನ್ ತನ್ನ ಸಾಕು ನಾಯಿಗಳ ಬಗ್ಗೆ ಹೇಳುತ್ತಾ ಸೇನೆಯ ಒಂದು ಘೋಷವಾಕ್ಯ ಬಳಸಿದ್ದಕ್ಕೆ ಅವನ ಕಂಪನಿ ಸುಮಾರು 1.47 ಕೋಟಿ ಯುವಾನ್ ತೆರಬೇಕಾಯಿತು. ಆ ಕಂಪನಿಯ ಶೋಗಳೂ ನಿಂತವು.

ಮೊದಲ ಸಲ ಹೋಗುವವರಿಗೆ

ಸುದ್ದಿ ನೋಡಿ ಕುತೂಹಲ ಬಂದಿದ್ದರೆ ಒಂದು ಶೋಗೆ ಹೋಗಿ ಬನ್ನಿ. ಟಿಕೆಟ್ ಪುಟದಲ್ಲಿ ಭಾಷೆ, ವಯಸ್ಸಿನ ಮಿತಿ ಹಾಕಿರುತ್ತಾರೆ. 18+ ಅಂತ ಇದ್ದರೆ ಅಪ್ಪ-ಅಮ್ಮನ ಪಕ್ಕ ಕೂರುವುದಕ್ಕೆ ಮುಂಚೆ ಒಮ್ಮೆ ಯೋಚಿಸಿ. ಹಲವು ಕಡೆ ರೆಕಾರ್ಡ್ ಮಾಡಬೇಡಿ ಅಂತ ಮೊದಲೇ ಹೇಳುತ್ತಾರೆ, ಕೆಲವು ಕಡೆ ಫೋನಿನ ಕ್ಯಾಮೆರಾಗೆ ಸ್ಟಿಕರ್ ಅಂಟಿಸುತ್ತಾರೆ. ಹಾಗೇ ಅವರೇ ರೆಕಾರ್ಡ್ ಮಾಡುವ ಶೋ ಆಗಿದ್ದರೆ ನಿಮ್ಮ ಮುಖವೂ ಬರಬಹುದು, ಬೇಡ ಅನ್ನಿಸಿದರೆ ಬಾಗಿಲಲ್ಲೇ ಹೇಳಿಬಿಡಿ. ನಡುವೆ ಏನಾದರೂ ಕೂಗಿ ಸಹಾಯ ಮಾಡೋಣ ಅನ್ನಿಸುತ್ತೆ, ಬೇಡ. ಅವರಿಗೆ ಇದು ಅಭ್ಯಾಸ, ನಿಮಗಲ್ಲ. ಸೀಟ್ ನಂಬರ್ ಇಲ್ಲದ ಕಡೆ ಹತ್ತು ನಿಮಿಷ ಮುಂಚೆ ಹೋದರೆ ಹಿಂದಿನ ಸಾಲು ಸಿಗುತ್ತೆ. ತಡವಾಗಿ ಹೋದರೆ ಖಾಲಿ ಇರುವುದು ಮುಂದಿನ ಸಾಲೊಂದೇ, ಅಲ್ಲಿ ಕೂತವರು ಏನ್ ಕೆಲಸ ಮಾಡ್ತೀರಾ ಅನ್ನುವುದಕ್ಕೆ ಉತ್ತರ ರೆಡಿ ಇಟ್ಟುಕೊಂಡಿರಬೇಕು.